ಮನೆ ಕಂದಾಯದ ಚಲನ್‌ನಲ್ಲಿ ಪೊಲೀಸರ ಸಾಲು

ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ ಐದು ಬಿಡ್ತಾರಲ್ಲ, ಆ ಆಸೆಗೆ ಬಿಸಿಲಲ್ಲಿ ಹೋಗಿ ಮನೆ ಕಂದಾಯ ಕಟ್ಟಿ ಬಂದೆ. ಚಲನ್ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಇಂಗ್ಲೆಂಡಿನ ಲೂಟನ್‌ನಲ್ಲಿರುವ ತಂಗಿ ಮಗ ಪಟ್ಟಂತ ಅವನ ಬಿಲ್ಲನ್ನೂ ಹಾಕಿದ. "ನೋಡಿ ಮಾವ, ಇಲ್ಲಿ ಪೊಲೀಸ್ನೋರಿಗೂ ನಾವೇ ಬೇರೆ ಕಟ್ಟಬೇಕು" ಅಂದ.

ಹೌದು, ಅವನ ಬಿಲ್ಲಿನಲ್ಲಿ ಪೊಲೀಸ್ ಅಂತಲೇ ಒಂದು ಸಾಲಿದೆ. ಇಂಗ್ಲೆಂಡ್, ವೇಲ್ಸ್ ಸೇರಿ 43 ಪೊಲೀಸ್ ಪಡೆಗಳು. ಖರ್ಚಿನಲ್ಲಿ ಒಂದು ಪಾಲು ಸರ್ಕಾರದ್ದು, ಇನ್ನೊಂದು ಪಾಲು ಆಯಾ ಊರಿನ ಮನೆ ತೆರಿಗೆಯದ್ದು. ಮನೆ ಮೇಲೆ ಎಷ್ಟು ಹಾಕಬೇಕು ಅಂತ ಹೇಳೋದು, ಬಹಳ ಕಡೆ, ಜನ ಓಟು ಹಾಕಿ ಆರಿಸಿದ ಕಮಿಷನರ್. ಖಾಕಿ ಕಮಿಷನರ್ ಅಲ್ಲ, ಚುನಾವಣೆಗೆ ನಿಂತು ಗೆದ್ದವರು. 2012ರಿಂದ ಹೀಗಿದೆ. ಸರ್ಕಾರ ಹೇಳಿದ ಮಿತಿ ದಾಟಿ ಏರಿಸಬೇಕಾದರೆ ಜನರನ್ನೇ ಕೇಳಬೇಕು. 2015ರಲ್ಲಿ ಲೂಟನ್ ಸೇರಿರುವ ಬೆಡ್‌ಫರ್ಡ್‌ಶೈರ್‌ನಲ್ಲಿ ಕೇಳಿಯೂ ಬಿಟ್ಟರು: ಶೇ. 15.8 ಜಾಸ್ತಿ ಮಾಡಲಾ? ಓಟು ಹಾಕಿದ ಹತ್ತು ಜನರಲ್ಲಿ ಹತ್ತಿರ ಹತ್ತಿರ ಏಳು ಜನ ಬೇಡ ಅಂದರು.

ನನ್ನ ಚಲನ್ ಮತ್ತೆ ನೋಡಿದೆ. ಕಂದಾಯದ ಮೇಲೆ ಗ್ರಂಥಾಲಯಕ್ಕೆ ನೂರಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. (ಗ್ರಂಥಾಲಯಕ್ಕೆ ಕಾಲಿಟ್ಟು ಎಷ್ಟು ವರ್ಷ ಆಯಿತೋ, ಅದು ಬೇರೆ ಮಾತು.) ಪೊಲೀಸರಿಗೆ ಒಂದು ಪೈಸೆಯೂ ಇಲ್ಲ. ಸಂವಿಧಾನದಲ್ಲಿ ಪೊಲೀಸ್ ರಾಜ್ಯ ಪಟ್ಟಿಯಲ್ಲಿದೆ. ಪಾಲಿಕೆಗೂ ಠಾಣೆಗೂ ದುಡ್ಡಿನ ನಂಟಿಲ್ಲ. ನಾವು ಹಾಕಿಸೋ ಪೆಟ್ರೋಲು, ಕುಡಿಯೋ ಬಾಟಲಿ, ಸೈಟು ನೋಂದಣಿ, ಜಿಎಸ್‌ಟಿ ಎಲ್ಲ ಒಂದೇ ಹುಂಡಿಗೆ ಬಿದ್ದು, ಅಲ್ಲಿಂದ ಗೃಹ ಇಲಾಖೆಗೆ ಹೋಗುತ್ತದೆ. 2025ರ ಮಾರ್ಚ್‌ನಲ್ಲಿ ನಮ್ಮ ಮೈಸೂರಿನವರೇ ಆದ ಸಿದ್ದರಾಮಯ್ಯ ಮಂಡಿಸಿದ ರಾಜ್ಯದ ಬಜೆಟ್ 4 ಲಕ್ಷ ಕೋಟಿ ದಾಟಿತ್ತು. ಠಾಣೆ ಆಧುನೀಕರಣಕ್ಕೆ ಅಂತ ಕೇಂದ್ರವೂ 1969ರಿಂದ ಸ್ವಲ್ಪ ಕೊಡುತ್ತಾ ಬಂದಿದೆ. ಹೆಲ್ಮೆಟ್ ದಂಡ ಠಾಣೆಯ ಡಬ್ಬಿಗೆ ಹೋಗುತ್ತೆ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಅದೂ ಸರ್ಕಾರದ ಖಜಾನೆಗೇ.

ಹಾಗಂತ ಊರಿನವರೇ ಕಾವಲಿಗೆ ಕೊಡೋದು ನಮಗೆ ಹೊಸದಲ್ಲ. ಮಂಡ್ಯ ಕಡೆ ನಮ್ಮೂರಲ್ಲಿ ಸುಗ್ಗಿ ಮುಗಿದು ರಾಶಿ ಆದ ಮೇಲೆ ಊರು ಕಾಯುವ ತಳವಾರನಿಗೆ, ತೋಟಿಗೆ ಕಣದಲ್ಲೇ ಆಯ, ಅಂದರೆ ಅವರ ಪಾಲಿನ ಕಾಳು, ಅಳೆದು ಕೊಡುತ್ತಿದ್ದರಂತೆ. ತಾತ ಹೇಳುತ್ತಿದ್ದರು. ಇಷ್ಟು ಮೊರ ಕೊಟ್ಟೆ ಅಂತ ಕೊಟ್ಟವನಿಗೂ ಗೊತ್ತು, ತಗೊಂಡವನಿಗೂ ಗೊತ್ತು. ಹೊಗಳೋಕೆ ಹೋಗಲ್ಲ, ಜಾತಿ ನೋಡಿ ಅಪ್ಪನಿಂದ ಮಗನಿಗೆ ಅಂಟಿಕೊಳ್ಳುತ್ತಿದ್ದ ಚಾಕರಿ ಅದು. 1961ರ ಕಾಯ್ದೆ ಆ ಹುದ್ದೆಗಳನ್ನು ರದ್ದು ಮಾಡಿತು, ಒಳ್ಳೆಯದೇ ಆಯಿತು. ಬ್ರಿಟಿಷರದ್ದು ಇನ್ನೊಂದು ವರಸೆ. 1861ರ ಪೊಲೀಸ್ ಕಾಯ್ದೆಯ ಪ್ರಕಾರ, ಗಲಾಟೆ ಆದ ಊರಲ್ಲಿ ಹೆಚ್ಚುವರಿ ಪೊಲೀಸರನ್ನು ಕೂರಿಸಿ ಖರ್ಚನ್ನು ಆ ಊರಿನವರಿಂದಲೇ ವಸೂಲಿ ಮಾಡಬಹುದಿತ್ತು.

ಈಗ ಹಾಗಾದರೆ ನಾವು ಏನೂ ಕೊಡ್ತಿಲ್ವಾ? ಸರ್ಕಲ್ಲಿನ ಬ್ಯಾರಿಕೇಡ್ ನೋಡಿ. ಪೊಲೀಸ್ ಅನ್ನೋ ಅಕ್ಷರಕ್ಕಿಂತ ದೊಡ್ಡದಾಗಿ ಚಿನ್ನದಂಗಡಿ ಹೆಸರು. ಕೆಲವು ವರ್ಷದ ಹಿಂದೆ ನನ್ನ ಬೈಕು ಕಳುವಾದಾಗ ದೂರು ಬರೆಯೋಕೆ ಬಿಳಿ ಹಾಳೆ ನಾನೇ ತಂದೆ. ಜೆರಾಕ್ಸಿಗೂ ನಾನೇ ಓಡಿದೆ. ಠಾಣೆ ಯಾವುದು ಅನ್ನೋದು ಬಿಡಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ, ಆದರೆ ಪೇದೆ ಏನು ಮಾಡ್ತಾರೆ ಪಾಪ, ಅವರ ಕೈಯಲ್ಲಿ ಹಾಳೆಯೇ ಇರಲಿಲ್ಲ.

ಬಿಳಿ ಹಾಳೆಗೆ ನನಗೆ ಬೇಜಾರಿಲ್ಲ. ಬ್ಯಾರಿಕೇಡಿಗೆ ಬೇಜಾರು. ಅದನ್ನು ಕೊಡಿಸಿದವರ ಅಂಗಡಿ ಮುಂದೆ ಡಬಲ್ ಪಾರ್ಕಿಂಗ್ ಆದರೆ ಯಾರು ಫೈನ್ ಹಾಕ್ತಾರೆ ಹೇಳಿ?

ಇಂಗ್ಲೆಂಡಿನ ಹಾಗೆ ನಮಗೂ ಪೊಲೀಸ್ ತೆರಿಗೆ ಬರಲಿ ಅನ್ನೋದಿಲ್ಲ. ಅಲ್ಲೇ ನೋಡಿ, ಶ್ರೀಮಂತರು ಜಾಸ್ತಿ ಇರುವ ಸರ್ರೆಯಲ್ಲಿ ಪೊಲೀಸ್ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಊರಿನವರಿಂದಲೇ ಬರುತ್ತದೆ. ಉತ್ತರದ ನಾರ್ತಂಬ್ರಿಯಾದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಸರ್ಕಾರ ಅನುದಾನ ಕಡಿಮೆ ಮಾಡಿದರೆ ಮೊದಲು ಪೆಟ್ಟು ಬೀಳೋದು ಯಾರಿಗೆ? ಇಲ್ಲಿ ಮೈಸೂರಲ್ಲಿ ಅದನ್ನು ತಂದರೆ ಉಳ್ಳವರ ಕುವೆಂಪುನಗರಕ್ಕೆ ನಾಲ್ಕು ಗಸ್ತು ಗಾಡಿ, ಇಲ್ಲದವರ ಕೆಸರೆಗೆ ಒಂದು. ದುಡ್ಡು ರಾಜ್ಯದ ಹುಂಡಿಯಿಂದಲೇ ಬರಲಿ. ದಸರಾಕ್ಕೆ ಹೊರ ಜಿಲ್ಲೆಗಳಿಂದ ಸಾವಿರಾರು ಪೊಲೀಸರು ಬರೋದೂ ಆ ಹುಂಡಿ ಒಂದೇ ಆಗಿರೋದರಿಂದಲೇ. ಆದರೆ ನಮ್ಮ ಠಾಣೆಗೆ ಈ ವರ್ಷ ಡೀಸೆಲ್ಲಿಗೆ ಎಷ್ಟು, ಹಾಳೆಗೆ ಎಷ್ಟು ಬಂತು, ಎಷ್ಟು ಹುದ್ದೆ ಖಾಲಿ ಇದೆ ಅಂತ ಠಾಣೆ ಬಾಗಿಲಲ್ಲಿ ಒಂದು ಬೋರ್ಡು ಹಾಕೋಕೆ ಏನು ಕಷ್ಟ? ರೇಷನ್ ಅಂಗಡಿಯಲ್ಲಿ ದಾಸ್ತಾನು ಎಷ್ಟಿದೆ ಅಂತ ಬರೆದು ಹಾಕಲ್ವಾ?

ಹೋದ ಭಾನುವಾರ ನಮ್ಮ ರಸ್ತೆಯವರು ಬಂದಿದ್ದರು. ಮೂಲೆಗೆ ಕ್ಯಾಮೆರಾ ಹಾಕಿಸ್ತಾರಂತೆ, ಮನೆಗೆ ಐನೂರು. ಕೊಟ್ಟೆ. ರಸೀದಿ ಕೇಳಿದೆ.

"ಪೊಲೀಸ್ ಕ್ಯಾಮೆರಾಗೆ ರಸೀದಿ ಯಾಕೆ ಸಾರ್" ಅಂತ ನಕ್ಕು ಪಕ್ಕದ ಮನೆ ಗೇಟು ತಟ್ಟಿದರು.