ಡಿಫಾಲ್ಟರ್ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಶುಗರ್ ಬಂದು ಹನ್ನೊಂದು ವರ್ಷ ಆಯ್ತು, ಅದರಲ್ಲಿ ಡಾಕ್ಟರ್ ಹೇಳಿದ ಹಾಗೆ ಅವಳು ನಡ್ಕೊಂಡಿದ್ದು ಲೆಕ್ಕ ಹಾಕಿದ್ರೆ ವರ್ಷಕ್ಕೆ ಎಂಟು ದಿನ. ಮೂರು ತಿಂಗಳಿಗೊಂದು ಚೆಕಪ್, ಪ್ರತಿ ಚೆಕಪ್‌ಗೂ ಎರಡು ದಿನ ಮುಂಚೆ ವ್ರತ ಶುರು. ಹೋಳಿಗೆ ಬಂದ್, ಕಾಫಿಗೆ ಸಕ್ಕರೆ ಬಂದ್, ಮಾತ್ರೆ ಎರಡು ಹೊತ್ತೂ ಟೈಮಿಗೆ ಸರಿಯಾಗಿ, ಸಂಜೆ ದೇವಸ್ಥಾನದಲ್ಲಿ ನಾಲ್ಕು ಸುತ್ತು ಜಾಸ್ತಿ, ಥೇಟ್ ಎಸ್ಸೆಸ್ಸೆಲ್ಸಿ ಹುಡುಗರು ಪರೀಕ್ಷೆ ಹಿಂದಿನ ರಾತ್ರಿ ಗೈಡ್ ತಿರುವಿ ಹಾಕ್ತಾರಲ್ಲ ಹಾಗೆ. ಬೆಳಗ್ಗೆ ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ರಿಪೋರ್ಟು ನೂರಾಹತ್ತು ಬಂದ್ರೆ ಡಾಕ್ಟರ್ ವೆರಿ ಗುಡ್ ಅಂತಿದ್ರು, ಇವಳು ವಾಪಸ್ ಬರ್ತಾ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಎರಡು ಜಾಮೂನು ತಿಂದು ಪಾಸಾದ ಖುಷಿ ಆಚರಿಸ್ತಿದ್ಲು.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಎಚ್‌ಬಿಎ1ಸಿ ಅಂತ ಟೆಸ್ಟು ಬಂದು ಕಲ್ಲು ಹಾಕ್ತು. ರಕ್ತದಲ್ಲಿರೋ ಸಕ್ಕರೆ ಹೋಗಿ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ, ಕೆಂಪು ರಕ್ತಕಣ ಬದುಕೋದು ಸುಮಾರು 120 ದಿನ, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟು ಅಂತ ಒಂದು ಹನಿ ರಕ್ತ ಬಾಯಿ ಬಿಟ್ಟುಬಿಡುತ್ತೆ. ಮೈಯೊಳಗೇ ಸಿಸಿ ಕ್ಯಾಮೆರಾ. ದೊಡ್ಡಮ್ಮನದ್ದು 9.2 ಬಂತು. ಡಾಕ್ಟರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, "ಹೇಳಿದ್ದು ಒಂದೂ ಕೇಳಲ್ಲ ಅಲ್ವಾ ನೀವು" ಅಂದ್ರು.

ಸರಿ, ಕೇಳಲ್ಲ. ಆದ್ರೆ ಹೇಳಿದ್ದು ಯಾವಾಗ?

2017ರಲ್ಲಿ ದೇಶ ದೇಶದ ಡಾಕ್ಟರುಗಳು ಒಬ್ಬ ಪೇಷೆಂಟಿಗೆ ಎಷ್ಟು ಹೊತ್ತು ಕೊಡ್ತಾರೆ ಅಂತ ಲೆಕ್ಕ ಒಟ್ಟು ಮಾಡಿದ ಒಂದು ಅಧ್ಯಯನ ಬಂದಿತ್ತು. ಸ್ವೀಡನ್ನಿನಲ್ಲಿ 22 ನಿಮಿಷದ ಮೇಲೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮ ದೇಶದಲ್ಲಿ ಹತ್ತತ್ರ ಎರಡು ನಿಮಿಷ. ಬಾಂಗ್ಲಾದವರಿಗಿಂತ ಮುಂದಿದೀವಲ್ಲ ಅಂತ ಹೆಮ್ಮೆ ಪಡಬೇಕು. ಈ ಎರಡು ನಿಮಿಷದಲ್ಲಿ ದೊಡ್ಡಮ್ಮ ಚೀಲ ಕೆಳಗಿಟ್ಟು, ಸೆರಗು ಸರಿ ಮಾಡ್ಕೊಂಡು, "ಏನಿಲ್ಲ ಡಾಕ್ಟ್ರೇ, ಮೊನ್ನೆ ನಮ್ಮ ಓರಗಿತ್ತಿ ಮಗಳ ಮದುವೆಗೆ ಹೋಗಿದ್ನಲ್ಲ" ಅಂತ ಶುರು ಮಾಡೋ ಹೊತ್ತಿಗೆ ನರ್ಸು ನೆಕ್ಸ್ಟ್ ಅಂದಿರ್ತಾಳೆ. ಡಾಕ್ಟರನ್ನೂ ಬೈಯೋ ಹಾಗಿಲ್ಲ ಬಿಡಿ, ಹೊರಗೆ ಬೆಂಚಿನ ಮೇಲೆ ಇನ್ನೂ ಐವತ್ತು ಓರಗಿತ್ತಿ ಕಥೆ ಕಾಯ್ತಿರುತ್ತೆ.

ಹೇಳೋಕಾಗದ್ದನ್ನೆಲ್ಲ ಚೀಟೀಲಿ ಬರೆದಿರ್ತಾರಲ್ಲ ಅಂತೀರಾ? ಬರೆದಿರ್ತಾರೆ, ಲ್ಯಾಟಿನ್‌ನಲ್ಲಿ. ಬಿ.ಡಿ. ಅಂದ್ರೆ ಬಿಸ್ ಡೈ, ದಿನಕ್ಕೆರಡು. ಎಚ್‌ಎಸ್ ಅಂದ್ರೆ ಹೋರಾ ಸೋಮ್ನಿ, ಮಲಗುವಾಗ. ಓ.ಡಿ. ಅಂದ್ರೆ ದಿನಕ್ಕೊಂದು, ಅದನ್ನೇ ಕಣ್ಣಿನ ಡಾಕ್ಟರ್ ಬರೆದ್ರೆ ಬಲಗಣ್ಣು! ರೋಮ್ ಬಿದ್ದು ಸಾವಿರದೈನೂರು ವರ್ಷ ಆಗಿದೆ, ಅವರ ಭಾಷೆ ಮಾತ್ರ ನಮ್ಮೂರ ಮೆಡಿಕಲ್ ಶಾಪಲ್ಲಿ ಗಟ್ಟಿಮುಟ್ಟಾಗಿದೆ. ಸ್ಪಷ್ಟವಾಗಿ, ಆದಷ್ಟೂ ಕ್ಯಾಪಿಟಲ್ ಅಕ್ಷರದಲ್ಲಿ ಬರೀರಪ್ಪಾ ಅಂತ 2016ರಲ್ಲೇ ವೈದ್ಯಕೀಯ ಮಂಡಳಿ ನಿಯಮ ಮಾಡ್ತು. ಅದನ್ನ ಯಾವ ಅಕ್ಷರದಲ್ಲಿ ಬರೆದು ಕಳಿಸಿದ್ರೋ ಏನೋ, ಯಾರಿಗೂ ಓದೋಕೆ ಆಗಿಲ್ಲ ಅನ್ಸುತ್ತೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರ್ಕಾರಿ ಡಾಕ್ಟರುಗಳು ಚೀಟಿನ ಕನ್ನಡದಲ್ಲೇ ಬರೀಲಿ ಅಂತ ಕೇಳ್ದಾಗ ಕೆಲವು ಪುಣ್ಯಾತ್ಮರು ನಿಜವಾಗ್ಲೂ ಮುತ್ತಿನಂಥ ಕನ್ನಡದಲ್ಲಿ ಬರೆದು ತೋರಿಸಿದ್ರು, ಆ ಫೋಟೋನ ನಾವು ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿ ಜೈ ಕನ್ನಡಾಂಬೆ ಹಾಕಿ ಮತ್ತೆ ಅದೇ ಕಾಗೆ ಕಾಲು ಗುಬ್ಬಿ ಕಾಲು ಚೀಟಿ ಹಿಡ್ಕೊಂಡು ಕ್ಯೂ ನಿಂತ್ವಿ.

ಆ ಕ್ಯೂನ ಕೊನೇಲಿ ಮೆಡಿಕಲ್ ಶಾಪ್ ಹುಡುಗ. ಬರೆದಿದ್ದು ಸ್ಟಾಕ್ ಇಲ್ಲ, ಇದು ತಗೊಳ್ಳಿ, ಸೇಮ್ ಕಂಟೆಂಟು. ದೊಡ್ಡಮ್ಮನಿಗೆ ಕಂಟೆಂಟ್ ಗೊತ್ತಿಲ್ಲ, ಬಣ್ಣ ಗೊತ್ತು. ಅವಳ ಹಾರ್ಲಿಕ್ಸ್ ಡಬ್ಬೀಲಿ ಬಿಳೀದು ಬೀಪಿ, ಉದ್ದಂದು ಶುಗರು, ಗುಲಾಬಿ ಬಣ್ಣದ್ದು "ಆ ಹಾರ್ಟಿಂದು". ಕಂಪನಿ ಬದಲಾಗಿ ಬೀಪಿ ಮಾತ್ರೇನೂ ಗುಲಾಬಿ ಆದ ತಿಂಗಳು ಏನೇನಾಯ್ತು ಅಂತ ದೇವರಿಗೇ ಗೊತ್ತು. ಐದೇ ಸಾಕು ಅಂದ್ರೆ ಆ ಹುಡುಗ ಕತ್ತರಿ ತಗೊಂಡು ಕಚಕ್ ಅಂತ ಸ್ಟ್ರಿಪ್ ಕತ್ತರಿಸಿ ಎಕ್ಸ್‌ಪೈರಿ ಡೇಟ್ ಇರೋ ಅರ್ಧನ ತಾನಿಟ್ಕೊಂಡು ಬರೀ ಬೆಳ್ಳಿ ಕಾಗದ ನಮ್ಮ ಕೈಗೆ ಕೊಡ್ತಾನೆ.

ನಮ್ಮಮ್ಮಂದು ಇನ್ನೊಂದು. ಥೈರಾಯ್ಡ್ ಮಾತ್ರೆ, ಖಾಲಿ ಹೊಟ್ಟೇಲಿ, ತಗೊಂಡು ಅರ್ಧ ಗಂಟೆಯಾದ್ರೂ ಕಾಫಿ ಕುಡೀಬಾರ್ದು. ಬೆಳಗ್ಗೆ ಫಿಲ್ಟರಲ್ಲಿ ಡಿಕಾಕ್ಷನ್ ಇಳೀತಿರುವಾಗ ಅರ್ಧ ಗಂಟೆ! ಇಂಥಾದ್ದನ್ನ ಬರೆಯೋರು ಖಂಡಿತ ಟೀ ಕುಡಿಯೋರಿರಬೇಕು.

ಇಷ್ಟೆಲ್ಲ ಆದ್ಮೇಲೂ ಬೈಸ್ಕೊಳ್ಳೋರು ಪೇಷೆಂಟೇ. ಟಿಬಿ ಮಾತ್ರೆ ಮಧ್ಯದಲ್ಲಿ ಬಿಟ್ಟೋರಿಗೆ ಸರ್ಕಾರಿ ರಿಜಿಸ್ಟರಲ್ಲಿ ಇದ್ದ ಹೆಸರು ಏನು ಗೊತ್ತಾ, ಡಿಫಾಲ್ಟರ್. ಬ್ಯಾಂಕ್ ಸಾಲ ಕಟ್ಟದವನಿಗೆ ಅಂತಾರಲ್ಲ, ಅದೇ. ಕನಿಷ್ಠ ಆರು ತಿಂಗಳು ನುಂಗಬೇಕು, ಎರಡು ತಿಂಗಳಿಗೇ ಕೆಮ್ಮು ನಿಂತು ಹುಷಾರಾದೆ ಅನ್ಸುತ್ತೆ, ಅದರಲ್ಲಿರೋ ರಿಫಾಂಪಿಸಿನ್ ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಅದು ಸಹಜ ಅಂತ ಮೊದಲೇ ಯಾರೂ ಹೇಳದಿದ್ರೆ ಮನುಷ್ಯ ಗಾಬರಿಯಾಗದೆ ಏನ್ಮಾಡ್ತಾನೆ? ಅರ್ಧಕ್ಕೆ ಬಿಟ್ರೆ ಔಷಧಿಗೂ ಬಗ್ಗದ ಟಿಬಿ ಆಗಬಹುದು, ಅದೇನು ತಮಾಷೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆ ಪದ ತೆಗೆದು ನಯವಾದ ಬೇರೆ ಪದ ಹಾಕ್ತು. ನಮ್ಮ ಸರ್ಕಾರ 2018ರಿಂದ ಟಿಬಿಯವರ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಹಾಕ್ತಿತ್ತು, 2024ರ ನವೆಂಬರಿಂದ ಅದು 1000 ಆಗಿದೆ. ಶುಗರ್‌ನೋರಿಗೆ ಆ ಭಾಗ್ಯವೂ ಇಲ್ಲ, ಬರೀ ಬೈಗುಳ. ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಯೋರಲ್ಲಿ ಸರಿಯಾಗಿ ಮಾತ್ರೆ ತಗೊಳ್ಳೋರು ಸರಾಸರಿ ಅರ್ಧದಷ್ಟು ಅಂತ ಅದೇ ಸಂಸ್ಥೆ 2003ರಲ್ಲೇ ಹೇಳಿತ್ತು, ಅಂದ್ರೆ ಅಲ್ಲೂ ದೊಡ್ಡಮ್ಮಂದಿರಿದಾರೆ.

9.2 ನೋಡಿ ಡಾಕ್ಟರ್ ಡೋಸು ಏರಿಸಿದ್ರು, ಐನೂರರ ಮಾತ್ರೆ ಹೋಗಿ ಸಾವಿರದ್ದು ಬಂತು. ಮೊನ್ನೆ ಊರಿಗೆ ಹೋದಾಗ ಹಾರ್ಲಿಕ್ಸ್ ಡಬ್ಬಿ ತೆಗೆದು ಎಣಿಸಿದೆ. ಯುಗಾದಿಗೆ ತಂದ ಒಂದು ತಿಂಗಳ ಐನೂರರ ಮಾತ್ರೇಲೇ ಇನ್ನೂ ಒಂದು ಸ್ಟ್ರಿಪ್ ಮಿಕ್ಕಿತ್ತು.

"ಇದೇನ್ ದೊಡ್ಡಮ್ಮ?"

"ಒಂದೇ ಹೊತ್ತು ತಗೊಂಡ್ರೆ ಎರಡು ತಿಂಗಳು ಬರುತ್ತೆ ಕಣೋ. ನಿಮ್ಮಣ್ಣಂಗೂ ಬೆಂಗಳೂರಲ್ಲಿ ಬಾಡಿಗೆ, ಇಎಂಐ, ಮಕ್ಕಳ ಫೀಸು. ಪದೇ ಪದೇ ದುಡ್ಡು ಹಾಕು ಅಂತ ಹೇಗೋ ಕೇಳೋದು?"

ಅದಕ್ಕೇ ಶುಗರ್ ಏರಿ ಡಾಕ್ಟರ್ ಡಬಲ್ ಮಾಡಿರೋದು ಅಂದೆ. ಹೌದಾ ಅಂತ ಎರಡು ನಿಮಿಷ ಯೋಚನೆ ಮಾಡಿ, ಎಲೆಅಡಿಕೆ ತಟ್ಟೆ ಹತ್ರ ಎಳ್ಕೊಂಡು, "ಹಾಗಾದ್ರೆ ಇದು ದೊಡ್ಡದು ಅಂತಾಯ್ತು" ಅಂತ ಸಾವಿರದ ಮಾತ್ರೇನ ಅಡಕತ್ತರಿ ಬಾಯಿಗೆ ಇಟ್ಟು ಟಕ್ ಅಂತ ಎರಡು ಹೋಳು ಮಾಡಿದ್ಲು. ಸ್ಟ್ರಿಪ್ ತಿರುಗಿಸಿ ನೋಡಿದೆ. ಇರುವೆ ಸೈಜಿನ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು, ಮುರೀಬಾರ್ದು, ಹಾಗೇ ನುಂಗಬೇಕು ಅಂತ.