ದಾರಿ ತೋರಿಸಿದವರಿಗೆ ಎಷ್ಟು ಕೊಡಬೇಕು?

ಮೊರಾಕ್ಕೊ ಸುತ್ತಿ ಬಂದ ಮೇಲೆ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ವೆಜ್ ಊಟ ಸಿಗುತ್ತಾ? ಒಟ್ಟು ಎಷ್ಟು ಖರ್ಚಾಯ್ತು?

ಮೊದಲನೆಯದು ಸುಲಭ. ಜಾಲೂಕ್ ಅಂತ ಬದನೆಕಾಯಿ, ಟೊಮ್ಯಾಟೊ ಹಾಕಿ ಮಾಡುವ ಗೊಜ್ಜು ಸಿಗುತ್ತದೆ. ಬಿಸಾರ ಅಂತ ಒಣ ಕಾಳಿನ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಮ್ಸೆಮೆನ್ ಅನ್ನೋದು ಹೆಚ್ಚುಕಮ್ಮಿ ನಮ್ಮ ಪರೋಟಾನೇ. ಶುಕ್ರವಾರದ ಏಳು ತರಕಾರಿ ಕುಸ್ಕುಸ್ ಮಾತ್ರ ನಂಬಬೇಡಿ. ಮಾಂಸ ಬೇಡ ಅಂದರೆ ತುಂಡು ತೆಗೆದು ಕೊಡ್ತಾರೆ, ಸಾರು ಅದೇ ಇರುತ್ತದೆ.

ಎರಡನೇ ಪ್ರಶ್ನೆಗೆ ಉತ್ತರ ಹೇಳೋಕೆ ಮೊದಲೆಲ್ಲ ನನಗೆ ಬಹಳ ಖುಷಿ. ‘ಇಷ್ಟರಲ್ಲೇ ಮುಗಿಸಿದೆ’ ಅಂತ ಹೇಳಿಕೊಳ್ಳೋದೇ ಬ್ಯಾಕ್‌ಪ್ಯಾಕ್ ಹೊತ್ತವರ ಮೆಡಲ್. ಈ ಸಲ ಆ ಲೆಕ್ಕ ಸ್ವಲ್ಪ ಕೆಟ್ಟಿದೆ.

ಮೊದಲು ಹೋಗಿದ್ದು ಫೆಸ್‌ಗೆ, ಒಬ್ಬನೇ. ಹಳೇ ಊರಿನ ಗಲ್ಲಿಗಳಲ್ಲಿ ಕಾರು ಹೋಗಲ್ಲ. ಗ್ಯಾಸ್ ಸಿಲಿಂಡರ್, ಸಿಮೆಂಟ್, ಚರ್ಮದ ಹೊರೆ ಎಲ್ಲ ಕತ್ತೆ, ಹೇಸರಗತ್ತೆ ಬೆನ್ನ ಮೇಲೆ. ಹಿಂದಿನಿಂದ ‘ಬಲಾಕ್! ಬಲಾಕ್!’ ಅಂತ ಕೂಗು ಕೇಳಿದರೆ ಗೋಡೆಗೆ ಅಂಟಿಕೊಳ್ಳಬೇಕು, ಇಲ್ಲಾಂದ್ರೆ ಹೊರೆಯೇ ನಿಮ್ಮನ್ನು ಅಂಟಿಸುತ್ತದೆ. ಬಾಬ್ ಬೂಜ್ಲೂದ್ ಅನ್ನೋ ಬಾಗಿಲಿನಿಂದ ಒಳಗೆ ಬಂದರೆ (ಹೊರಗಡೆ ನೀಲಿ, ಒಳಗಡೆ ಹಸಿರು ಬಣ್ಣದ ಹೆಂಚಿನದು) ಎರಡು ದೊಡ್ಡ ಬೀದಿಗಳು ಕೆಳಗೆ ಇಳಿಯುತ್ತವೆ. ದೊಡ್ಡದು ಅಂದರೂ ಕೆಲವು ಕಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತದೆ. ಇಳಿಜಾರು ಹಿಡಿದರೆ ಅಲ್-ಕರವಿಯ್ಯೀನ್, ಏರು ಹಿಡಿದರೆ ವಾಪಸ್ ಬಾಗಿಲು. ಕರವಿಯ್ಯೀನ್ ಅಂದರೆ 859ರಲ್ಲಿ ಫಾತಿಮಾ ಅಲ್-ಫಿಹ್ರಿ ಅನ್ನೋ ಹೆಣ್ಣುಮಗಳು ಕಟ್ಟಿಸಿದಳು ಅಂತ ಹೇಳುವ ಮಸೀದಿ. ಅಲ್ಲಿ ಶುರುವಾದ ಪಾಠ ಇವತ್ತು ವಿಶ್ವವಿದ್ಯಾಲಯವಾಗಿ ನಡೆಯುತ್ತಿದೆ. ನಮ್ಮಂಥವರಿಗೆ ಒಳಗೆ ಪ್ರವೇಶ ಇಲ್ಲ, ಬಾಗಿಲಲ್ಲಿ ನಿಂತು ಇಣುಕಬಹುದು.

ಅದನ್ನು ಹುಡುಕುತ್ತಾ ಹೋಗುವಾಗ ಹನ್ನೆರಡು ವರ್ಷದ ಹುಡುಗನೊಬ್ಬ ‘ಮುಂದೆ ದಾರಿ ಇಲ್ಲ’ ಅಂದ. ಯೂಟ್ಯೂಬ್ ನೋಡಿ ತಯಾರಾಗಿ ಹೋಗಿದ್ದೆನಲ್ಲ. ‘ದಾರಿ ಇಲ್ಲ ಅಂತ ಹೇಳಿ ಚರ್ಮದ ಅಂಗಡಿಗೆ ಕರ್ಕೊಂಡು ಹೋಗ್ತಾರೆ, ನಂಬಬೇಡಿ’ ಅಂತ ಎಲ್ಲರೂ ಹೇಳಿದ್ದರು. ‘ಲಾ, ಶುಕ್ರನ್’ (ಬೇಡ, ಥ್ಯಾಂಕ್ಸ್) ಅಂತ ಗತ್ತಿನಲ್ಲಿ ಮುಂದೆ ಹೋದೆ. ಮೂರು ತಿರುವು ಆದಮೇಲೆ ಒಂದು ಮನೆ ಬಾಗಿಲು. ಅಷ್ಟೇ. ದಾರಿ ನಿಜವಾಗಿಯೂ ಇರಲಿಲ್ಲ. ಫೋನಿನಲ್ಲಿ ನೀಲಿ ಚುಕ್ಕಿ ಯಾರದೋ ಮನೆ ತಾರಸಿ ಮೇಲೆ ಕುಣಿಯುತ್ತಿತ್ತು.

ವಾಪಸ್ ಬಂದರೆ ಹುಡುಗ ಅದೇ ಕಟ್ಟೆ ಮೇಲೆ ಕೂತು ನಗುತ್ತಿದ್ದ. ಎದ್ದು ನಡೆಯೋಕೆ ಶುರು ಮಾಡಿದ. ಪಕ್ಕದಲ್ಲಿ ಅಲ್ಲ, ಹತ್ತು ಹೆಜ್ಜೆ ಮುಂದೆ. ತಿರುಗಿ ನೋಡಲ್ಲ, ಮಾತಾಡಲ್ಲ. ತಿರುವಿನಲ್ಲಿ ಮಾತ್ರ ಒಂದು ಕ್ಷಣ ನಿಂತು ಚಪ್ಪಲಿ ಸರಿ ಮಾಡಿಕೊಳ್ಳುತ್ತಾನೆ. ಯಾಕೆ ಹೀಗೆ ಅಂತ ಸಂಜೆ ಹಾಸ್ಟೆಲ್‌ನವರು ಹೇಳಿದರು. ಲೈಸೆನ್ಸ್ ಇಲ್ಲದೆ ಪ್ರವಾಸಿಗರಿಗೆ ದಾರಿ ತೋರಿಸಿದರೆ ಪೊಲೀಸರು ಹಿಡೀತಾರಂತೆ. ಹಾಗಾಗಿ ಅವನಿಗೂ ನನಗೂ ಸಂಬಂಧವೇ ಇಲ್ಲದ ಹಾಗೆ ನಡೆಯುತ್ತಿದ್ದ.

ಮಸೀದಿ ಬಾಗಿಲಲ್ಲಿ ಹತ್ತು ದಿರ್ಹಮ್ ಕೊಟ್ಟೆ. ಇಪ್ಪತ್ತು ಕೇಳಿದ. ನಾನು ಜಗ್ಗಿದೆ. ಹತ್ತು ದಿರ್ಹಮ್ ಅಂದ್ರೆ ಆಗ ನಮ್ಮ 80-90 ರೂಪಾಯಿ. ಅಷ್ಟಕ್ಕೆ ಹನ್ನೆರಡು ವರ್ಷದ ಹುಡುಗನ ಜೊತೆ ಐದು ನಿಮಿಷ ವಾದ ಮಾಡಿ ಹದಿನೈದಕ್ಕೆ ಇಳಿಸಿದೆ. ಗೆದ್ದೆ ಅಂತ ಅನಿಸಿತ್ತು ಆಗ.

ಫೆಸ್‌ನಿಂದ ಮರ್ರಾಕೇಶ್‌ಗೆ ಹೆಚ್ಚುಕಮ್ಮಿ ಇಡೀ ದಿನದ ರೈಲು. ಜರ್ಮನಿಯಲ್ಲಿ ಕೆಲಸ ಮಾಡುವ ಗೆಳೆಯ ಅಲ್ಲಿಗೆ ಬಂದು ಸೇರಿಕೊಂಡ. ಜೆಮಾ ಎಲ್-ಫ್ನಾ ಚೌಕದ ಬಗ್ಗೆ ಬರೆಯಲ್ಲ, ಎಲ್ಲರೂ ಬರೆದಿದ್ದಾರೆ. ಕಿತ್ತಳೆ ಜ್ಯೂಸ್ ಚೆನ್ನಾಗಿತ್ತು. ನಮ್ಮನ್ನು ನೋಡಿದ ಕೂಡಲೇ ‘ಶಾರುಖ್ ಖಾನ್!’ ಅಂತ ಕೂಗೋದು ಎರಡು ದಿನ ಮಜಾ ಕೊಡ್ತು, ಮೂರನೇ ದಿನ ಸಾಕಾಯ್ತು.

ನಮ್ಮ ಗುರಿ ತುಬ್ಕಾಲ್. 4,167 ಮೀಟರ್, ಉತ್ತರ ಆಫ್ರಿಕಾದಲ್ಲೇ ಅತಿ ಎತ್ತರದ ಬೆಟ್ಟ. ಮರ್ರಾಕೇಶ್‌ನಿಂದ ಶೇರ್ ಟ್ಯಾಕ್ಸಿಯಲ್ಲಿ ಇಮ್ಲಿಲ್ ಅನ್ನೋ ಹಳ್ಳಿ, ಅಲ್ಲಿಂದ ನಡಿಗೆ. ಇಲ್ಲಿ ಗೈಡ್ ಕಡ್ಡಾಯ. 2018ರ ಡಿಸೆಂಬರ್‌ನಲ್ಲಿ ಇದೇ ಬೆಟ್ಟದ ದಾರಿಯಲ್ಲಿ ಟೆಂಟ್ ಹಾಕಿದ್ದ ಡೆನ್ಮಾರ್ಕ್ ಮತ್ತು ನಾರ್ವೆಯ ಇಬ್ಬರು ಹುಡುಗಿಯರನ್ನು ಉಗ್ರರು ಕೊಂದರು. ಆಮೇಲೆ ಬಂದ ನಿಯಮ. ಚೆಕ್‌ಪೋಸ್ಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಬರೆದುಕೊಂಡು, ಗೈಡ್ ಕಾರ್ಡ್ ನೋಡಿಯೇ ಬಿಡೋದು.

ನಿಜ ಹೇಳ್ತೀನಿ, ನನಗೆ ಸಿಟ್ಟು ಬಂದಿತ್ತು. ದಾರಿ ಅಂಗೈ ರೇಖೆಯಷ್ಟು ಸ್ಪಷ್ಟ, ತಪ್ಪೋಕೆ ಸಾಧ್ಯವೇ ಇಲ್ಲ. ಕುಮಾರ ಪರ್ವತಕ್ಕೆ ಆನ್‌ಲೈನ್ ಬುಕಿಂಗ್ ಬಂದಾಗಲೂ ಹೀಗೇ ಗೊಣಗಿದ್ದೆ. 2024ರ ಜನವರಿಯಲ್ಲಿ ಅಲ್ಲಿ ಜನ ಜಾತ್ರೆ ಹಾಗೆ ಸಾಲು ನಿಂತ ಫೋಟೋ ನೋಡಿದ ಮೇಲೂ.

ನಮ್ಮ ಗೈಡ್ ನಲವತ್ತರ ಆಸುಪಾಸಿನವರು, ಅಮಾಝಿಘ್ ಜನ. ಹೊರಗಿನವರು ಬರ್ಬರ್ ಅಂತಾರೆ, ಅವರಿಗೆ ಅದು ಇಷ್ಟ ಇಲ್ಲ. ಅವರ ಭಾಷೆ ಅಧಿಕೃತ ಆಗಿದ್ದು 2011ರ ಸಂವಿಧಾನದಲ್ಲಿ. ಈಗ ಸ್ಕೂಲ್ ಬೋರ್ಡ್ ಮೇಲೆ ಅರಬ್ಬಿ, ಫ್ರೆಂಚ್ ಜೊತೆ ಅವರ ತಿಫಿನಾಗ್ ಲಿಪಿಯೂ ಇದೆ. ಅದರಲ್ಲಿ ಕೈಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿರುವ ಒಂದು ಅಕ್ಷರವನ್ನು ಮಣ್ಣಿನಲ್ಲಿ ಕೋಲಿನಿಂದ ಬರೆದು ತೋರಿಸಿದರು. ನಿಮಗೆ ಓದೋಕೆ ಬರುತ್ತಾ ಅಂತ ಕೇಳಿದೆ. ‘ನನ್ನ ಮಗಳಿಗೆ ಬರುತ್ತೆ’ ಅಂದರು.

2023ರ ಸೆಪ್ಟೆಂಬರ್ 8ರ ರಾತ್ರಿ ಈ ಬೆಟ್ಟಗಳಲ್ಲೇ 6.8 ತೀವ್ರತೆಯ ಭೂಕಂಪ ಆಯ್ತು. ಸತ್ತವರು 2,900ಕ್ಕೂ ಹೆಚ್ಚು. ಕಲ್ಲು ಮಣ್ಣಿನ ಗೋಡೆ, ಮೇಲೆ ಭಾರದ ಛಾವಣಿ, ಒಳಗೆ ಮಲಗಿದ್ದ ಜನ. ಇವರ ಮನೆಯದೂ ಒಂದು ಗೋಡೆ ಬಿದ್ದಿತ್ತು. ಅದರ ಬಗ್ಗೆ ಎರಡು ವಾಕ್ಯ ಹೇಳಿ, ದಾರಿ ಪಕ್ಕದ ಅಕ್ರೋಟ್ ಮರ ತೋರಿಸಿ ಮಾತು ಬದಲಿಸಿದರು.

ರಾತ್ರಿ 3,207 ಮೀಟರ್‌ನಲ್ಲಿರುವ ತಂಗುದಾಣ. ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಕಟ್ಟಿಕೊಂಡು ಹೊರಟೆವು. ಜಾರುವ ಪುಡಿಗಲ್ಲು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ. ‘ಶ್ವಿಯಾ ಶ್ವಿಯಾ’, ನಿಧಾನ ನಿಧಾನ, ಅಂತ ಅವರ ಒಂದೇ ಮಂತ್ರ. 3,800 ದಾಟಿರಬೇಕು, ಎತ್ತರದ ತೆಳು ಗಾಳಿ ಒಗ್ಗದೆ ಗೆಳೆಯ ವಾಂತಿ ಮಾಡಿಕೊಂಡ. ರಾತ್ರಿಯಿಂದಲೇ ತಲೆನೋವು ಇತ್ತಂತೆ, ಹೇಳಿರಲಿಲ್ಲ. ಪರವಾಗಿಲ್ಲ, ಹೋಗೋಣ ಅಂದ. ಗೈಡ್ ಅವನ ಬೂಟು ನೋಡಿ ‘ಲೇಸ್ ಬಿಚ್ಚಿದೆ, ಕಟ್ಟಿಕೋ’ ಅಂದರು. ಕೂತು ಬಗ್ಗಿದ. ಲೇಸ್ ಹಿಡಿಯೋಕೆ ಹೋದರೆ ಬೆರಳು ಪಕ್ಕದ ಗಾಳಿಯನ್ನು ಹಿಡಿಯುತ್ತಿದೆ. ಒಂದು ಸಲ, ಎರಡು ಸಲ, ಮೂರು ಸಲ.

‘ಡೌನ್’ ಅಂದರು ಗೈಡ್.

ನಾನೊಬ್ಬನೇ ಮೇಲೆ ಹೋಗಿ ಬರ್ತೀನಿ, ನೀವು ಇವನನ್ನು ಇಳಿಸಿ ಅಂದೆ. ಎದುರಿನ ಗುಡ್ಡಕ್ಕೆ ಆಗಲೇ ಬಿಸಿಲು ಬಿದ್ದಿತ್ತು. ಇನ್ನೊಂದು ಗಂಟೆಯ ದಾರಿ. ದುಡ್ಡು ಕೊಟ್ಟಿದೀವಲ್ಲ ಅಂತಲೂ ಅಂದೆ, ಅದನ್ನು ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ. ಅವರು ಜಗಳ ಆಡಲಿಲ್ಲ. ಗೆಳೆಯನ ಬ್ಯಾಗನ್ನು ತಮ್ಮ ಎದೆಗೆ ಹಾಕಿಕೊಂಡು, ಅವನ ತೋಳು ಹಿಡಿದು ಇಳಿಯೋಕೆ ಶುರು ಮಾಡಿದರು. ಮುಂದೆ ಹೋಗಿ ಆಮೇಲೆ ತಿರುಗಿ ನನಗೂ ಕೈ ಬೀಸಿದರು, ಬಾ ಅಂತ.

ತಂಗುದಾಣ ಮುಟ್ಟಿದ ಎರಡೇ ಗಂಟೆಯಲ್ಲಿ ಗೆಳೆಯ ಆಮ್ಲೆಟ್ ತಿನ್ನುತ್ತಾ ಕೂತಿದ್ದ, ಏನೂ ಆಗೇ ಇಲ್ಲ ಅನ್ನೋ ಹಾಗೆ. ನಾನು ಮೂತಿ ಊದಿಸಿಕೊಂಡು ಪುದೀನ ಚಹಾ ಕುಡಿದೆ. ಶಿಖರದ ಮೇಲೆ ಕಬ್ಬಿಣದ ತ್ರಿಕೋನದ ಚೌಕಟ್ಟು ಒಂದಿದೆ. ಎಲ್ಲರೂ ಅದರ ಪಕ್ಕ ನಿಂತು ಫೋಟೋ ಹಾಕ್ತಾರೆ. ನನ್ನ ಹತ್ತಿರ ಆ ಫೋಟೋ ಇಲ್ಲ.

ಈಗ ‘ಆ ದಾರಿಗೆ ಗೈಡ್ ಯಾಕೆ, ದುಡ್ಡು ದಂಡ’ ಅಂತ ಯಾರಾದರೂ ಬರೆದರೆ ನನಗೆ ಆ ಬೂಟಿನ ಲೇಸ್ ನೆನಪಾಗುತ್ತದೆ. ದಾರಿ ನನಗೂ ಗೊತ್ತಿತ್ತು. ವಾಪಸ್ ಹೋಗೋಣ ಅಂತ ಹೇಳೋಕೆ ನನಗೆ ಬರುತ್ತಿರಲಿಲ್ಲ, ನಾನು ಕೊಟ್ಟಿದ್ದು ಅದಕ್ಕೆ. ಚೌಕಾಸಿ ಮಾಡದೇ ಕೊಟ್ಟೆ, ಮೇಲೆ ಸ್ವಲ್ಪ ಜಾಸ್ತಿಯೂ.

ಇಳಿಯುವಾಗ ಟ್ಯಾಕ್ಸಿಯಲ್ಲಿ ಆರು ಜನ ಒತ್ತಿಕೊಂಡು ಕೂತಿದ್ದೆವು. ಗೆಳೆಯನಿಗೆ ಫೆಸ್ ಹುಡುಗನ ಕಥೆ ಹೇಳಿದೆ. ಹತ್ತು ಹೆಜ್ಜೆ ಮುಂದೆ ನಡೆದಿದ್ದು, ಚಪ್ಪಲಿ ಸರಿ ಮಾಡಿಕೊಂಡಿದ್ದು, ಎಲ್ಲ. ಕೇಳಿ ನಕ್ಕ.

‘ಲೋ, ಕೊನೆಗೆ ಅವನಿಗೆ ಎಷ್ಟು ಕೊಟ್ಟೆ?’

‘ಇಪ್ಪತ್ತು’ ಅಂದೆ.