ಅಟೆಂಡರ್ ಕಲಿತ ಪತ್ತೇದಾರಿ

ಪೇಪರಿನ ಸ್ಥಳೀಯ ಪುಟದಲ್ಲಿ ಆ ಫೋಟೋ ನೀವೂ ನೋಡಿರುತ್ತೀರಿ. ಚಿನ್ನದ ಮೇಲೆ ಸಾಲ ಕೊಡುವ ಕಂಪನಿಯೊಂದು ಕಾಸರಗೋಡಿನ ಹೋಟೆಲಿನಲ್ಲಿ ಸಿಬ್ಬಂದಿಗೆ 'ವಂಚನೆ ತಡೆ ಮತ್ತು ತನಿಖೆ' ತರಬೇತಿ ನಡೆಸಿತು. ಒಂದು ದೀಪ, ಸುತ್ತ ಒಂಬತ್ತು ಗಣ್ಯರು, ಒಂಬತ್ತು ಕೈಗಳೂ ಒಂದೇ ಮೇಣದಬತ್ತಿಯ ಮೇಲೆ. ದೀಪ ಹಚ್ಚಿದ್ದು ಯಾರು ಅಂತ ನಾಳೆ ತನಿಖೆಯಾದರೆ ಒಬ್ಬರೂ ಸಿಕ್ಕಿಬೀಳುವುದಿಲ್ಲ. ಇದಕ್ಕಿಂತ ಒಳ್ಳೆಯ ಉದ್ಘಾಟನೆ ಬೇಕಾ?

ಹಚ್ಚಿದವರು ಕಾರು ಹತ್ತಿ ಹೋದರು. ಕುಳಿತು ಕಲಿತವರು ಕ್ಯಾಶಿಯರ್, ಗುಮಾಸ್ತೆ, ಅಟೆಂಡರ್, ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿ ಪಿಗ್ಮಿ ಎತ್ತುವವರು.

ಬದಿಯಡ್ಕ ಕಡೆಯಿಂದ ಹೋಗಿದ್ದ ಪರಿಚಯದ ಗುಮಾಸ್ತೆ ಹೇಳಿದ ವಿಷಯ ಇದು. ಸಂಜೆ ಎಲ್ಲರೂ ಬಸ್ಸಿಗೆ ಓಡುತ್ತಾರಲ್ಲ, ಹಾಗಾಗಿ ಎರಡೂ ಹೊತ್ತಿನ ಹಾಜರಿಗೆ ಬೆಳಿಗ್ಗೆಯೇ ಸಹಿ ಹಾಕಿಸಿದರು. ಬಾರದ ಇಬ್ಬರ ಸಹಿಯನ್ನು ಪಕ್ಕದವರು ಹಾಕಿ ಪುಣ್ಯ ಕಟ್ಟಿಕೊಂಡರು. ಆಮೇಲೆ ಲೈಟ್ ಆರಿಸಿ ಮೊದಲ ಸ್ಲೈಡ್: 'ನಕಲಿ ಸಹಿ ಗುರುತಿಸುವುದು ಹೇಗೆ?'

ಮುಂದೆ ತ್ರಿಕೋನ ಬಂತು. ಈ ತರಬೇತಿಗಳಲ್ಲಿ ತ್ರಿಕೋನ ಬರದೆ ಊಟ ಬಡಿಸುವುದಿಲ್ಲ. ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಎಂಬವರು ನಂಬಿಕೊಟ್ಟ ಹಣ ನುಂಗಿ ಜೈಲು ಸೇರಿದವರನ್ನು ಮಾತಾಡಿಸಿ 1953ರಲ್ಲಿ ಬರೆದದ್ದರಿಂದ ಹುಟ್ಟಿದ್ದು ಅದು. ಹಣದ ಒತ್ತಡ, ಅವಕಾಶ, ತನಗೆ ತಾನೇ ಹೇಳಿಕೊಳ್ಳುವ ಸಬೂಬು. ಮೂರೂ ಕೂಡಿದರೆ ವಂಚನೆ. ನಮ್ಮ ಅಟೆಂಡರ್‌ಗೆ ಒತ್ತಡ ಬೇಕಷ್ಟಿದೆ. ಸಂಬಳ ನೋಡಿದರೆ ಸಬೂಬೂ ಸಿದ್ಧ. ಆದರೆ ಲಾಕರ್ ಕೀ ಅವನ ಹತ್ತಿರ ಇಲ್ಲ ಮಾರಾಯ್ರೆ! ಕೀ ಇದ್ದವರು ಆಗಲೇ ಕಾರಲ್ಲಿ ಕುಂಬಳೆ ದಾಟಿದ್ದರು.

ನನಗೆ ತುಂಬಾ ಇಷ್ಟವಾದದ್ದು ಬೆನ್‌ಫರ್ಡ್ ನಿಯಮ. ನಿಜವಾದ ಲೆಕ್ಕಪತ್ರಗಳಲ್ಲಿ ಸಾಮಾನ್ಯವಾಗಿ ಶೇ. 30ರಷ್ಟು ಸಂಖ್ಯೆಗಳು 1ರಿಂದ ಶುರುವಾಗುತ್ತವೆ, 9ರಿಂದ ಶುರುವಾಗುವವು ಶೇ. 5ಕ್ಕಿಂತ ಕಡಿಮೆ. ಕೂತು ಹೊಸೆದ ಲೆಕ್ಕದಲ್ಲಿ ಈ ಹದ ತಪ್ಪುತ್ತದೆ. ಗುಮಾಸ್ತೆ ಮರುದಿನವೇ ಉತ್ಸಾಹದಿಂದ ತನ್ನ ಶಾಖೆಯ ಖರ್ಚಿನ ವೋಚರ್ ತೆಗೆದು ನೋಡಿದಳು. ಮ್ಯಾನೇಜರ್ ಮೇಲಿನವರನ್ನು ಕೇಳದೆ ಖರ್ಚು ಮಾಡಬಹುದಾದದ್ದು 2,000 ರೂಪಾಯಿವರೆಗೆ. ಫ್ಯಾನ್ ರಿಪೇರಿ 1,950. ಸ್ಟೇಷನರಿ 1,980. ಮತ್ತೆ ಫ್ಯಾನ್ ರಿಪೇರಿ 1,990. ಎಲ್ಲವೂ 1ರಿಂದಲೇ ಶುರು. ಬೆನ್‌ಫರ್ಡ್ ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟಿದ್ದಾರೆ. ಆ ಫ್ಯಾನ್ ಈಗಲೂ ತಿರುಗುವುದಿಲ್ಲವಂತೆ.

ಈಚೆಗೆ ನಮ್ಮಲ್ಲಿ ಇಂಥ ತರಬೇತಿ ಯಾಕೆ ಜಾಸ್ತಿಯಾಗಿದೆ ಅಂತ ಯಾರೂ ಕೇಳಬೇಕಾಗಿಲ್ಲ. 2024ರ ಮೇ ತಿಂಗಳ ಕಾರಡ್ಕ ಸಹಕಾರ ಸಂಘದ ಕಥೆ ಮುಳ್ಳೇರಿಯದ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಮರೆತಿಲ್ಲ. ಅಡವಿಡಲು ಚಿನ್ನವೇ ಇಲ್ಲದೆ ಸದಸ್ಯರ ಹೆಸರಲ್ಲಿ ಚಿನ್ನದ ಸಾಲ, ಒಟ್ಟು 4.76 ಕೋಟಿ ರೂಪಾಯಿ ಎಂದು ದೂರು. ಆರೋಪ ಬಂದದ್ದು ಸಂಘದ ಕಾರ್ಯದರ್ಶಿಯ ಮೇಲೆ, ಗುಡಿಸುವವರ ಮೇಲಲ್ಲ. 2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಶಾಖೆಯ 11,400 ಕೋಟಿಯ ವಂಚನೆ ಹೇಗೆ ಬಯಲಾಯಿತು? ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು 'ಬ್ಯಾಂಕಿನ ಗ್ಯಾರಂಟಿ ಪತ್ರ ಬೇಕಾದರೆ ಪೂರ್ತಿ ಹಣ ಮುಂಗಡ ಇಡಿ' ಎಂದರು. 'ಹಿಂದೆ ಯಾರೂ ಕೇಳಿರಲಿಲ್ಲವಲ್ಲ' ಎಂದು ಗಿರಾಕಿ ಕಡೆಯವರಿಗೇ ಆಶ್ಚರ್ಯ. ಅಷ್ಟೇ. ತ್ರಿಕೋನವೂ ಇಲ್ಲ, ಚೌಕವೂ ಇಲ್ಲ.

ಅದೇ ಸ್ಲೈಡುಗಳಲ್ಲಿ ಒಂದು ಅಂಕಿ ಇರುತ್ತದೆ, ಬೇಗ ದಾಟಿಸಿಬಿಡುತ್ತಾರೆ. ವಂಚನೆ ಪರೀಕ್ಷಕರ ಅಂತರರಾಷ್ಟ್ರೀಯ ಸಂಘದ 2024ರ ವರದಿ ಪ್ರಕಾರ ಅವರು ನೋಡಿದ ಪ್ರಕರಣಗಳಲ್ಲಿ ಶೇ. 43 ಬಯಲಾದದ್ದು ಯಾರೋ ಸುಳಿವು ಕೊಟ್ಟದ್ದರಿಂದ. ಹೊರಗಿನ ಆಡಿಟರ್ ಹಿಡಿದದ್ದು ಬರೀ ಶೇ. 3. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಕಚೇರಿಯ ನೌಕರರು. ಅಂದರೆ ಗೊತ್ತಿರುವುದು ಇವರಿಗೇ. ಗೊತ್ತಿದೆ, ಹೇಳುವುದಿಲ್ಲ. ಹೇಗೆ ಹೇಳುತ್ತಾರೆ? ಕಲಬೆರಕೆ ಎಂದು ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ ಇಂಡಿಯನ್ ಆಯಿಲ್ ಅಧಿಕಾರಿ, ಕೋಲಾರದ ಹುಡುಗ ಮಂಜುನಾಥ್ ಷಣ್ಮುಗಂ ಅವರನ್ನು 2005ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಟ್ಟು ಕೊಂದರು. ಸರ್ಕಾರಿ ಕಚೇರಿಯ ಹಗರಣ ಹೇಳುವವರನ್ನು ಕಾಯಲು 2014ರಲ್ಲಿ ಕಾನೂನು ಪಾಸಾಯಿತು. ರಾಷ್ಟ್ರಪತಿ ಅಂಕಿತವೂ ಬಿತ್ತು. ಜಾರಿಗೆ ಮಾತ್ರ ತಂದಿಲ್ಲ. ಖಾಸಗಿ ಕಂಪನಿಯ ಗುಮಾಸ್ತೆಗೆ ಅದರಲ್ಲಿ ಜಾಗವೂ ಇಲ್ಲ. ಅವಳಿಗೆ ಮನೆ ಸಾಲ ಇದೆ, ಮ್ಯಾನೇಜರ್ ಅವಳ ಗಂಡನ ಕಡೆಯ ಸಂಬಂಧ. ಇಷ್ಟೆಲ್ಲ ಗೊತ್ತಿದ್ದೂ ಅವಳ ಕೈಗೆ ಪೆನ್ನು, ಫೈಲು, ಬಿರಿಯಾನಿ ಕೂಪನ್ ಕೊಟ್ಟು 'ಎಚ್ಚರವಾಗಿರಿ' ಅನ್ನುವುದಕ್ಕೆ ನಾಚಿಕೆ ಆಗಬೇಕು.

ಎರಡನೇ ಬ್ಯಾಚ್ ಮುಂದಿನ ತಿಂಗಳಂತೆ. ಡ್ರೈವರ್‌ಗಳಿಗೆ ಮತ್ತು ವಾಚ್‌ಮನ್‌ಗಳಿಗೆ. ಡೈರೆಕ್ಟರ್‌ಗಳ ಬ್ಯಾಚ್ ಯಾವಾಗ ಅಂತ ಗುಮಾಸ್ತೆ ಮೆಲ್ಲಗೆ ಕೇಳಿದ್ದಾಳೆ. ಅವರು ಮುಖ್ಯ ಅತಿಥಿಗಳಾಗಿ ಬರುತ್ತಾರಲ್ಲ, ಅದರಲ್ಲೇ ಬಂತು ಎಂದರಂತೆ.